ಊದುಗೊಳವೆಯ ಮೇಲಿನ ಅಕ್ಷರಗಳು

ಹಳತಾದ ಎಳ್ಳೆಣ್ಣೆಗೆ ಒಂದು ಕಮಟು ವಾಸನೆ ಇರುತ್ತದಲ್ಲ, ಅದರ ಜೊತೆಗೆ ತುಕ್ಕು ಹಿಡಿದ ಕಬ್ಬಿಣದ ವಾಸನೆಯೂ ಸೇರಿದರೆ ನನಗೆ ಅದು ನಮ್ಮ ಕಾಕಾನ ವಾಸನೆ. ಅವರು ತೀರಿಕೊಂಡ ಮೇಲೆ ಅವರು ಕೂಡಿಸಿಟ್ಟಿದ್ದ ಬಂದೂಕುಗಳನ್ನು ಸರಕಾರಕ್ಕೆ ಒಪ್ಪಿಸಲು ಹೋದ ತಿಂಗಳು ಬೈಲಹೊಂಗಲಕ್ಕೆ ಹೋಗಿದ್ದೆ. ಲೈಸೆನ್ಸು ಅವರ ಹೆಸರಿನಲ್ಲಿತ್ತು, ಅವರಿಗೆ ಮಕ್ಕಳಿರಲಿಲ್ಲ, ನನಗೆ ಅವುಗಳನ್ನು ಇಟ್ಟುಕೊಳ್ಳುವ ಹಕ್ಕಿರಲಿಲ್ಲ. ಠಾಣೆಯ ಅಂಗಳದಲ್ಲಿ ಬಂದೂಕು ಸುತ್ತಿದ್ದ ಕೌದಿ ಬಿಚ್ಚಿದಾಗ ಆ ವಾಸನೆ ಭಪ್ಪನೆ ಮುಖಕ್ಕೆ ಬಂತು. "ಇವು ಹಾರ್ತಾವೇನ್ರೀ ಅಕ್ಕಾರ?" ಎಂದು ಹವಾಲ್ದಾರರು ಕೇಳಿದರು. "ಇಲ್ರೀ, ನಮ್ಮ ಮನ್ಯಾಗ ಒಂದೂ ಹಾರಿಲ್ಲ" ಎಂದೆ. ಖಾಲಿ ಕೌದಿಯನ್ನು ಮಡಿಸತೊಡಗಿದೆ.

ನನ್ನ ಅಪ್ಪ, ಅವ್ವ ಇಬ್ಬರೂ ಬೇಗ ಹೋದರು. ನನ್ನನ್ನು ಬೆಳೆಸಿದವರು ಅಪ್ಪನ ತಮ್ಮನಾದ ಕಾಕಾ ಮತ್ತು ಅವರ ಹೆಂಡತಿ ಚಿಗವ್ವ. ಕಾಕಾ ಹತ್ತಿ ವ್ಯಾಪಾರಿ. ಸುಗ್ಗಿಯಲ್ಲಿ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳನ್ನು ಸುತ್ತುವಾಗ ಹತ್ತಿಯ ಮಾತು ಮುಗಿದ ಮೇಲೆ, ಕೊಟ್ಟ ಚಹಾ ಕುಡಿಯುತ್ತ, "ಅಟ್ಟದ ಮ್ಯಾಲ ಹಳೀ ಕಬ್ಬಿಣ ಏನರ ಬಿದ್ದೈತೇನ್ರೀ?" ಎಂದು ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿ ನಮ್ಮ ಪಡಸಾಲೆಯ ಗೋಡೆ ತುಂಬಿತ್ತು. ನನಗಿಂತ ಎತ್ತರದ ಬತ್ತಿ ಬಂದೂಕು, ಬಾಯಿ ಮದ್ದುಗುಣಿಕೆ ಹೂವಿನಂತೆ ಅರಳಿದ ಗಿಡ್ಡ ಬಂದೂಕು, ನೋಡಿದರೆ ಊರುಗೋಲಿನಂತೆಯೇ ಕಾಣುವ ಇನ್ನೊಂದು. ಭಾನುವಾರ ಬೆಳಿಗ್ಗೆ ಅವನ್ನು ಒಂದೊಂದಾಗಿ ತೊಡೆಯ ಮೇಲೆ ಮಲಗಿಸಿಕೊಂಡು, ಕೋಳಿಪುಕ್ಕದಿಂದ ಎಣ್ಣೆ ಸವರುತ್ತಿದ್ದರು. ಕೂಸಿಗೆ ಎಣ್ಣೆ ಹಚ್ಚುವ ಬಾಣಂತಿಯೂ ಅಷ್ಟು ನಿಧಾನ ಇರುವುದಿಲ್ಲ. ಚಿಗವ್ವ ಒಳಗಿನಿಂದಲೇ ಚುಚ್ಚುತ್ತಿದ್ದಳು: "ಜಲ್ಮದಾಗ ಒಂದು ಗುಬ್ಬಿ ಹೊಡದವರಲ್ಲ, ಗ್ವಾಡಿ ತುಂಬ ತುಬಾಕಿ! ಯಾವ ಸೀಮಿ ಗೆಲ್ಲಾಕ ಹೊಂಟೀರಿ?" ಚುನಾವಣೆ ಬಂತೆಂದರೆ ಎಲ್ಲವನ್ನೂ ಕೌದಿಯಲ್ಲಿ ಸುತ್ತಿ, ಚಕ್ಕಡಿಯಲ್ಲಿ ಹೇರಿ, ಠಾಣೆಗೆ ಒಪ್ಪಿಸಬೇಕಾಗುತ್ತಿತ್ತು. ಓಣಿಯವರು ಕಟ್ಟೆಯ ಮೇಲೆ ಕುಳಿತು, "ಸಾವಕಾರ್ರ, ದಂಡು ಎತ್ತಾಗ ಹೊಂಟಿತ್ರೀ?" ಎಂದು ಕೂಗುತ್ತಿದ್ದರು. ಕಾಕಾ ನಗುತ್ತ, "ಶರಣಾಗಾಕ ಹೊಂಟೈತ್ರೆಪಾ" ಎನ್ನುತ್ತಿದ್ದರು.

ನಗುವ ಮನುಷ್ಯನಿಗೆ ಒಂದು ಕೊರಗಿತ್ತು. ಅವರ ಬಂದೂಕುಗಳ ಮೇಲೆ ಗುರುತು ಇದ್ದರೆ ಅದು ಪರದೇಶದ್ದೇ. ನಮ್ಮ ನೆಲದ ಕಂಬಾರರೂ ಇಂಥವನ್ನು ಮಾಡಿದ್ದಾರೆ, ಹೆಸರು ಹಾಕಿಕೊಳ್ಳುವಷ್ಟು ಹೆಮ್ಮೆಯಿಂದ ಮಾಡಿದ್ದಾರೆ ಎಂದು ಅವರು ನಂಬಿದ್ದರು. ಕೇಳಿದವರು ನಂಬದೆ ತಲೆ ಅಲ್ಲಾಡಿಸುತ್ತಿದ್ದರು.

ನಾನು ಆಗ ಸಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದೆ. ರಾಮದುರ್ಗದ ಆಚೆಯ ಒಂದು ಹಳ್ಳಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆ ಮನೆಯಲ್ಲಿ ಒಬ್ಬ ಮುದುಕಿ ಒಲೆಯ ಮುಂದೆ ಕುಳಿತು ಊದುತ್ತಿದ್ದಳು. ಕಾಕಾ ಚಹಾದ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟರು. ಆಕೆಯ ಕೈಯಲ್ಲಿದ್ದ ಊದುಗೊಳವೆ ಬಂದೂಕಿನ ನಳಿಗೆಯಾಗಿತ್ತು! ಕೊಡುತ್ತೀಯಾ ಎಂದು ಕೇಳಿದರೆ ಮುದುಕಿ ಕೊಳವೆಯನ್ನು ಸೀರೆಯ ಮರೆಗೆ ಎಳೆದುಕೊಂಡಳು. "ನಮ್ಮತ್ತಿ ಊದಿದ್ದು, ಅಕೀ ಅತ್ತಿ ಊದಿದ್ದು. ಇದನ್ನ ನಿನಗ ಕೊಟ್ರ ನಾಳೆ ರೊಟ್ಟಿ ನಿನ್ನ ಮೀಸಿಯಿಂದ ಬೇಯಸ್ಲೇನೋ?" ಕಾಕಾ ಬಸ್ಸು ಹಿಡಿದು ರಾಮದುರ್ಗಕ್ಕೆ ಹೋಗಿ, ಎರಡು ಹೊಸ ಹಿತ್ತಾಳೆಯ ಊದುಗೊಳವೆ ತಂದರು. ಮುದುಕಿ ಎರಡನ್ನೂ ಊದಿ ನೋಡಿಯೇ ಬಿಟ್ಟುಕೊಟ್ಟಳು.

ತಲೆಮಾರುಗಳ ಮಸಿ ಅದರ ಮೇಲೆ ಅರಗಿನಂತೆ ಗಟ್ಟಿಯಾಗಿತ್ತು. ಕಾಕಾ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ, ದಿನಕ್ಕೆ ಉಗುರಿನಷ್ಟು ಮಸಿ ಬಿಡಿಸಿದರು. ತಿಂಗಳು ಕಳೆದ ಮೇಲೆ ಬೆಳ್ಳಿಯ ಸಣ್ಣ ಅಕ್ಷರಗಳು ಕಂಡವು, ಕನ್ನಡದವು: "ಕಂಬಾರ ಈರನು ಮಾಡಿದ್ದು." ಅದರ ಕೆಳಗೆ ಇನ್ನೊಂದು ಸಾಲಿತ್ತು, ತಲೆಕಟ್ಟು ಮಾತ್ರ ಕಾಣುವಂತೆ ಮಸಿಯ ಅಡಿಯಲ್ಲಿ. ಕಾಕಾನ ಕಣ್ಣಲ್ಲಿ ನೀರು ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. "ಮಾಡಿದಾಂವ ಸಿಕ್ಕ ನೋಡಯವ್ವಾ. ಇನ್ನ ಊರು ಸಿಗಬೇಕು." ಬೆಳ್ಳಿ ಕಬ್ಬಿಣದ ಮೇಲೆ ಎಲೆಯಷ್ಟು ತೆಳ್ಳಗೆ ಕುಳಿತಿದೆ, ತಮ್ಮ ಒರಟು ಕೈ ಇನ್ನು ಸಾಕು ಎಂದು, ಧಾರವಾಡದಲ್ಲಿದ್ದ ಇತಿಹಾಸದ ಮಾಸ್ತರರಿಗೆ ಕಾಗದ ಬರೆದರು. ಮಾಸ್ತರರು ಮಹಾನವಮಿಯ ಹಿಂದಿನ ದಿನ ಬರುತ್ತೇನೆಂದರು.

ನಮ್ಮ ಕಡೆ ಅಂದು ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ತಯಾರಿ. ಮನೆಯಲ್ಲಿ ಲೋಹ ಎನ್ನುವುದು ಏನಿದೆಯೋ ಅದೆಲ್ಲ ಹಿತ್ತಲಿಗೆ ಬರಬೇಕು. ಕುಡುಗೋಲು, ಈಳಿಗೆ, ತಕ್ಕಡಿ, ಕೊಡ ಎಲ್ಲಕ್ಕೂ ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು. ನಾನೂ ಚಿಗವ್ವನ ಜೊತೆ ತಿಕ್ಕುತ್ತಿದ್ದೆ. ಕಾಕಾ ಮಾಸ್ತರರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದರು, ಚಿಗವ್ವ ಹೋಳಿಗೆಯ ಹೂರಣ ನೋಡಲು ಒಳಗೆ ಹೋದಳು. ಮನೆಯ ಕುಡುಗೋಲು ಕೂಡ ಫಳಫಳ ಹೊಳೆಯುತ್ತಿರುವಾಗ ಕಾಕಾನ ಜೀವದಂಥ ವಸ್ತು ಮಸಿ ಹೊತ್ತು ದೇವರ ಮುಂದೆ, ಅತಿಥಿಗಳ ಮುಂದೆ ಕೂಡುವುದೇ ಎಂದು ನನಗನ್ನಿಸಿತು. ನಳಿಗೆಯನ್ನು ತಂದು ತಿಕ್ಕಿದೆ. ಮಸಿ ಹೋಯಿತು. ಎರಡನೆಯ ಸಾಲು ಬೆಳ್ಳಗೆ ಎದ್ದು ಬಂತು. ನಾನು ಅದನ್ನು ಓದಿದೆ, ಬಾಯಿಬಿಟ್ಟು ಓದಿದೆ. ಖುಷಿಗೆ ಇನ್ನಷ್ಟು ಹೊಳೆಯಲೆಂದು ಮತ್ತೆ ಪುಡಿ ಹಾಕಿ ತಿಕ್ಕಿದೆ. ನೀರು ಹೊಯ್ದಾಗ ಕಬ್ಬಿಣ ಬಿಳಿಯ ಕನ್ನಡಿಯಂತಿತ್ತು. ಎರಡು ಸಾಲೂ ಇರಲಿಲ್ಲ. ಹುಣಸೆಯ ರಸದಲ್ಲಿ ಮಿಣಿಮಿಣಿ ಎನ್ನುವ ಚೂರುಗಳು ಬಚ್ಚಲ ಕಡೆ ಹರಿದು ಹೋದವು.

ಬಾಗಿಲಲ್ಲಿ ಕಾಕಾನ ದನಿ ಕೇಳಿತು. ಚಿಗವ್ವ ಓಡಿ ಬಂದು ನನ್ನ ಮುಖ ನೋಡಿದಳು, ನಳಿಗೆ ನೋಡಿದಳು, ನನ್ನ ಕೈಯಲ್ಲಿದ್ದ ನಾರನ್ನು ಕಿತ್ತುಕೊಂಡಳು. "ನಾನ ತಿಕ್ಕೀನ್ರೀ" ಎಂದಳು ಗಂಡನಿಗೆ, "ಎಲ್ಲಾದರ ಕೂಡ ಇದನ್ನೂ ತಿಕ್ಕೀನಿ." ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾಸ್ತರರು ನಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಇದ್ದಿರಬಹುದು ಬಿಡ್ರಿ" ಎಂದರು. ಆ 'ಇದ್ದಿರಬಹುದು' ಕಾಕಾನನ್ನು ಆ ದಿನವೇ ಹತ್ತು ವರ್ಷ ಮುದುಕನನ್ನಾಗಿ ಮಾಡಿತು. ಆಮೇಲೆ ಅವರು ಯಾವ ಅಟ್ಟವನ್ನೂ ಕೇಳಲಿಲ್ಲ.

ಆದರೆ ಚಿಗವ್ವನನ್ನು ಕೇಳುತ್ತಿದ್ದರು. ಊಟಕ್ಕೆ ಕುಳಿತಾಗ, ಎಲೆಯಡಿಕೆ ಮಡಿಸುವಾಗ, ಮೆಲ್ಲಗೆ ಕೇಳುತ್ತಿದ್ದರು: "ನೀ ತಿಕ್ಕುವಾಗ ಕೆಳಗಿನ ಸಾಲು ಕಂಡಿರಬೇಕಲ್ಲ. ಮೊದಲನೇ ಅಕ್ಷರ ಹೆಂಗಿತ್ತು? ದುಂಡಕಿತ್ತೇನು?" ಸಾಲೆಯ ಮೆಟ್ಟಿಲು ಹತ್ತದ ಚಿಗವ್ವ, "ನನಗ ಅಕ್ಷರ ಹೆಂಗ ತಿಳೀಬೇಕ್ರೀ" ಎಂದು ತಲೆ ತಗ್ಗಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದೆ. ಊರಿನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ತಿಕ್ಕಿದವಳು ಯಾರೆಂದು ಗೊತ್ತಾಗುತ್ತಿತ್ತು. ಇವತ್ತು ಬೇಡ, ನಾಳೆ ಎಂದುಕೊಂಡು ನುಂಗಿದೆ. ಹಾಗೆ ನುಂಗುತ್ತಲೇ ಸಾಲೆ ಮುಗಿಯಿತು, ಮದುವೆಯಾಯಿತು, ಚಿಗವ್ವ ಆ ಸುಳ್ಳನ್ನು ತನ್ನೊಂದಿಗೇ ತೆಗೆದುಕೊಂಡು ಹೋದಳು.

ಕಾಕಾ ಹಾಸಿಗೆ ಹಿಡಿದಾಗ ಹೋಗಿ ಅವರ ಕಾಲ ಬಳಿ ಕುಳಿತೆ. "ಕಾಕಾ, ಅದನ್ನ ತಿಕ್ಕಿದಾಕಿ ಚಿಗವ್ವ ಅಲ್ರೀ. ನಾನು" ಎಂದೆ. ಅವರು ನನ್ನನ್ನು ನೋಡಿದರು. ಸಿಟ್ಟು ಬರುತ್ತದೆಂದು ಕಾದೆ. ಅವರು ಮೊಣಕೈ ಊರಿ ಏಳಲು ನೋಡಿದರು, ಮುಖ ಬೆಳಗಿತು.

"ಹಂಗಾರ ನೀ ಓದಿದ್ಯಲ್ಲ! ನಿನಗ ಓದಾಕ ಬರ್ತಿತ್ತಲ್ಲ! ಏನಿತ್ತು, ಯವ್ವಾ?"

ನಾನು ಬಾಯಿ ತೆರೆದೆ. ಅಷ್ಟು ವರ್ಷ ಕಾಯ್ದಿಟ್ಟ ಹೆಸರು ಅಲ್ಲಿರಲಿಲ್ಲ. ಮೂರಕ್ಷರವೋ, ನಾಲ್ಕೋ. ಕೊನೆಗೆ 'ಳ್ಳಿ' ಇತ್ತೋ, 'ಗಿ' ಇತ್ತೋ. ಯಾವ ಊರಿನ ಹೆಸರು ಹೇಳಿದರೂ ಅವರು ನಂಬುತ್ತಿದ್ದರು, ನಂಬಿ ಕಣ್ಣು ಮುಚ್ಚುತ್ತಿದ್ದರು. ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. "ನೆನಪಿಲ್ರೀ, ಕಾಕಾ" ಎಂದೆ. ಅವರು ನಿಧಾನವಾಗಿ ಮತ್ತೆ ಒರಗಿಕೊಂಡರು. ನನ್ನ ಕೈ ತಟ್ಟಿದರು. "ಇರ್ಲಿ ಬಿಡು. ಒಬ್ಬರರ ಓದ್ಯಾರಲ್ಲ."

ಈಗ ಸವದತ್ತಿಯಿಂದ ರಾಮದುರ್ಗದ ಕಡೆಗೆ ಬಸ್ಸಿನಲ್ಲಿ ಹೋಗುವಾಗೆಲ್ಲ ನಾನು ಕಿಟಕಿಯ ಪಕ್ಕ ಕೂಡುತ್ತೇನೆ. ಹಳ್ಳಿ ಬಂದಂತೆಲ್ಲ ರಸ್ತೆಯ ಬದಿಯ ಬೋರ್ಡನ್ನು ಬಾಯಿಬಿಟ್ಟು ಓದುತ್ತೇನೆ, ಐದನೆಯ ಇಯತ್ತೆಯ ಹುಡುಗಿಯಂತೆ. ಯಾವುದೋ ಒಂದು ಹೆಸರಿಗೆ ನಾಲಿಗೆ ತಡೆದು ನಿಂತೀತೆಂದು ಕಾಯುತ್ತೇನೆ. ಬೋರ್ಡುಗಳು ಹಿಂದೆ ಸರಿಯುತ್ತವೆ. ಎಲ್ಲ ಊರೂ ಅದೇ ಇರಬಹುದು ಅನ್ನಿಸುತ್ತದೆ.