ವೈವಾ ದಿನ ನಾನಾಡಿದ ಮಾತು

ನಾನು ರಾಯಚೂರಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಬಹಳ ಬಿಗಿ ಮೇಡಂ ಎಂದು ಹೆಸರು. ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ದೇವದುರ್ಗದ ಕೂಲಿಯವರ ಮಗಳು ಇಲ್ಲಿಯವರೆಗೆ ಬಂದಿದ್ದೇನೆ, ಯಾರಿಗೂ ಸಲಿಗೆ ಕೊಡಬಾರದು ಅಂದುಕೊಂಡಿದ್ದೆ.

ಹೋದ ವರ್ಷ ವೈವಾ, ಅಂದರೆ ಮೌಖಿಕ ಪರೀಕ್ಷೆ, ನಡೆದಿತ್ತು. ಮಾನ್ವಿ ಕಡೆಯ ಕುರ್ಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ತನ್ನ ಸರದಿ ಬರುವುದರೊಳಗೆ ಮೂರು ಸಲ ಹೊರಗೆ ಹೋಗಲು ಕೇಳಿದಳು. ಮೂರನೆಯ ಸಲ ಹೊಟ್ಟೆ ಹಿಡಿದುಕೊಂಡಿದ್ದಳು. ನಾನು ಎಲ್ಲರಿಗೂ ಕೇಳುವಂತೆ ಅಂದೆ:

“ನಿಮ್ಮ ಮನ್ಯಾಗ ಭಾಂಡಿ ತೊಳಿಯೋ ರೂಢಿ ಇಲ್ಲೇನು? ಮೈಕ್ರೋಬಯಾಲಜಿ ಓದಾಕ ಬಂದು ಹೊಟ್ಟಿ ತುಂಬ ಕ್ರಿಮಿ ತುಂಬ್ಕೊಂಡು ಬಂದೀಯಲ್ಲ!”

ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಹುಡುಗಿ ತಲೆ ತಗ್ಗಿಸಿ ಹೋದಳು. ತಿರುಗಿ ಬಂದ ಮೇಲೆ ಒಂದು ಪ್ರಶ್ನೆಗೂ ಸರಿಯಾಗಿ ಉತ್ತರಿಸಲಿಲ್ಲ.

ಕೆಲವು ವಾರಗಳ ನಂತರ ಸೆಮಿನಾರಿಗೆ ಅವಳೇ ಒಂದು ವಿಷಯ ಆರಿಸಿಕೊಂಡಳು. ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ನಾರ್‌ಎಪಿನೆಫ್ರಿನ್ ಎಂಬ ಹಾರ್ಮೋನು ತುಂಬಿ, ಕರುಳಿನ ಬ್ಯಾಕ್ಟೀರಿಯಾ ಇರುವ ದ್ರವದಲ್ಲಿ ಅದರ ತುದಿ ಅದ್ದಿದರೆ ಅವು ನಳಿಕೆಯ ಬಾಯಿಗೆ ಬಂದು ಮುತ್ತುತ್ತವೆ. ಸೆಮಿನಾರಿನ ದಿನ ಆ ಪ್ರಯೋಗದ ಚಿತ್ರ ಗೋಡೆಯ ಮೇಲೆ ಬಿದ್ದಿತ್ತು.

“ನಾವು ಗಾಬರಿ ಆದಾಗ ಈ ಹಾರ್ಮೋನು ಕರುಳಿನ್ಯಾಗೂ ಹೆಚ್ಚಾಗ್ತದ,” ಎಂದಳು. “ಕೆಲವು ಬ್ಯಾಕ್ಟೀರಿಯಾಕ್ಕ ಅದು ಗೊತ್ತಾಗ್ತದ. ಬಾಲದಂಥ ಎಳಿ ತಿರುಗಿಸ್ಕೋತ, ಅದು ಹೆಚ್ಚಿದ್ದ ಕಡಿ ಈಜ್ತಾವು.”

“ಅಷ್ಟು ಗಾಬರಿ ಯಾರಿಗೆ ಆಗ್ತದ?” ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

“ವೈವಾಕ್ಕ ಕೂತವರಿಗೆ ಆಗ್ತದ.”

ಈ ಸಲ ಯಾರೂ ನಗಲಿಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ. ನನ್ನ ಕಿವಿ ಬಿಸಿಯಾದವು. ಅಂದು ಅವಳ ಹೊಟ್ಟೆಯಲ್ಲಿ ನಡೆದದ್ದು ಇದೇ ಎನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ಹೆದರಿಕೆಗೆ ಹೊಟ್ಟೆ ಕೆಡುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯ ದಿನ ಶಾಲೆಯ ಹಿಂದಿನ ಜಾಲಿಗಿಡಗಳ ಮರೆಗೆ ನಾನೂ ಓಡಿದ್ದೆ. ನಮ್ಮವ್ವ ಅಂದು ಕೆಲಸ ಬಿಟ್ಟು, ಚೊಂಬು ನೀರು ಹಿಡಿದು ಗೇಟಿನಲ್ಲಿ ನಿಂತಿದ್ದಳು. ನನ್ನ ಕೈಗೆ ನೀರು ಹಾಕಿ ಪರೀಕ್ಷೆಗೆ ಕಳಿಸಿದ್ದಳು.

ಕ್ಲಾಸು ಮುಗಿದ ಮೇಲೆ ಹುಡುಗಿಯನ್ನು ವರಾಂಡದಲ್ಲಿ ನಿಲ್ಲಿಸಿದೆ. “ಅವತ್ತ ನಾ ಹಂಗ ಅನ್ನಬಾರದಿತ್ತವ್ವಾ. ತಪ್ಪಾತು.”

“ನನಗ ಅಂದಿದ್ದು ಹೋಗ್ಲಿ ಬಿಡ್ರಿ ಮೇಡಂ,” ಎಂದಳು. “ಅವತ್ತ ಮನಿಗೆ ಹೋಗಿ ನಮ್ಮವ್ವಗ ಬೈದೀನ್ರಿ. ನಿನ್ನ ಹೊಲಸಿನಿಂದ ನನ್ನ ಮಾನ ಹೋತು ಅಂದೀನಿ. ಆಕಿ ಎರಡು ದಿನ ಸರಿಯಾಗಿ ಉಣಲಿಲ್ರಿ.”

ಮರುದಿನ ಇಡೀ ಕ್ಲಾಸಿನ ಮುಂದೆ ತಪ್ಪೊಪ್ಪಿಕೊಂಡೆ. ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಆ ತಾಯಿ ಕಾಲೇಜಿಗೆ ಬಂದಾಗ. ಮಗಳ ಜೊತೆ ಯಾವುದೋ ಅರ್ಜಿಗೆ ಸಹಿ ಹಾಕಲು ಬಂದವಳು, ನನ್ನನ್ನು ಕಂಡು ಎರಡೂ ಕೈ ಮುಗಿದಳು.

“ನೀವು ಬುದ್ಧಿ ಹೇಳಿದ್ದು ಚೊಲೋ ಆತ್ರಿ ಮೇಡಂ. ಈಗ ದಿನಾ ಭಾಂಡಿ ಬಿಸಿನೀರಾಗ ತಿಕ್ಕಿ ತೊಳಿತೀನ್ರಿ.”

ಆ ಕೈಗಳು ಬೂದಿಯಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಬಿರಿದಿದ್ದವು. “ಯವ್ವಾ, ನಿಮ್ಮದೇನೂ ತಪ್ಪಿಲ್ರಿ,” ಅಂದೆ. “ಹುಡುಗಿ ನನಗ ಹೆದರಿದ್ಳು. ಅದಕ್ಕ ಹೊಟ್ಟಿ ಕೆಟ್ಟಿತ್ತು. ತಪ್ಪು ನಂದು.”

ಆಕೆ ನಂಬಲಿಲ್ಲ. ಮಗಳ ಮುಖ ನೋಡಿ, ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ನಕ್ಕಳು.

“ಹೆದರಿಕಿ ಇರಬೇಕ್ರಿ, ಓದೋ ಮಕ್ಕಳಿಗಿ.”

ನಾನು ಒಳಗೆ ಹೋಗಿ ಆಕೆಗೆ ಕುಡಿಯಲು ನೀರು ತಂದುಕೊಟ್ಟೆ. ಆಕೆ ನಿಂತುಕೊಂಡೇ ಕುಡಿದಳು. ಮಾನ್ವಿ ಬಸ್ಸಿಗೆ ಹೊತ್ತಾಯಿತೆಂದು ಇಬ್ಬರೂ ಹೊರಟರು.