ಶಹಾಬಾದಿನ ಶೆಡ್ಡಿನಲ್ಲಿ ಮಾಮಾನ ಬಸ್ಸು

ಚಿತ್ತಾಪುರದಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆವು, ನಾನು ಮತ್ತು ನನ್ನ ಸೋದರಮಾವ ಬಸಣ್ಣ. ಮಾಮಾ ಖಾಸಗಿ ಬಸ್ಸಿನ ಡ್ರೈವರಾಗಿ ಮೂವತ್ತು ವರ್ಷ ದುಡಿದವರು. ಶಹಾಬಾದಿನ ಹೊರಗೆ ಹಳೇ ವಾಹನಗಳ ಮ್ಯೂಸಿಯಂ ಆಗಿದೆ, ಅಲ್ಲಿ ತಮ್ಮ ಬಸ್ಸೂ ಇದೆ ಎಂದು ಕೇಳಿದಾಗಿನಿಂದ ನನ್ನ ಜೀವ ತಿಂದಿದ್ದರು.

ಬಸ್ಸಿನಲ್ಲಿ ನನಗೆ ಸೊನ್ನೆ ಟಿಕೆಟ್, ಮಾಮಾಗೆ ದುಡ್ಡು. "ಗಾಡಿ ಹೊಡದಾಂವ ನಾ, ಫುಕಟ್ ಹೋಗಾಕಿ ನೀ!" ಎಂದು ಗೊಣಗಿ, ಎಂದಿನಂತೆ ಡ್ರೈವರ್ ಪಕ್ಕದ ಸೀಟು ಹಿಡಿದರು. ವಾಡಿ ಬರುವುದರೊಳಗೆ ದಂಡೋತಿಯ ಕಥೆ ಶುರು. ಅಲ್ಲಿಯ ಕಾಗಿಣಾ ಹೊಳೆ ಸೇತುವೆಯ ಮೇಲೆ ಹರಿಯುತ್ತಿದ್ದಾಗ ತುಂಬಿದ ಬಸ್ಸನ್ನು ದಾಟಿಸಿದ್ದು ಅವರ ಬಾಳಿನ ದೊಡ್ಡ ಹೆಮ್ಮೆ. ಅವತ್ತು ಐದು ವರ್ಷದ ನಾನೂ ಅವ್ವನ ತೊಡೆಯ ಮೇಲಿದ್ದೆ. ಈ ಕಥೆ ಶುರುವಾದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ.

ಶಹಾಬಾದಿನಲ್ಲಿ ಮಂಡಕ್ಕಿ ಸೂಸ್ಲಾ ತಿಂದು, ಚಹಾ ಕುಡಿದು ಆಟೋ ಹತ್ತಿದೆವು. ಹತ್ತು ಗಂಟೆಗೇ ರಣಬಿಸಿಲು. ಮ್ಯೂಸಿಯಂ ಎಂದರೆ ಒಂದು ಕಾಲಕ್ಕೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ ತಗಡಿನ ಶೆಡ್ಡು. ಮೂಗು ಚಾಚಿದ ಲಾರಿ, ಮೂರು ಗಾಲಿಯ ಟೆಂಪೊ, ಯಾವುದೋ ಡಾಕ್ಟರರ ಕರಿ ಕಾರು. ಮಾಮಾ ಯಾವುದಕ್ಕೂ ನಿಲ್ಲಲಿಲ್ಲ. ಕೊನೆಯ ಬಸ್ಸಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಬಣ್ಣ ಬ್ಯಾರೆ ಹಚ್ಯಾರ. ಆದ್ರ ಹೊಳಿ ದಾಟಿದ್ದು ಇದೇ ಅದ," ಎಂದರು.

ಡ್ರೈವರ್ ಸೀಟಿಗೆ ಹಗ್ಗ ಕಟ್ಟಿತ್ತು. "ಸ್ಪ್ರಿಂಗ್ ಹೋಗ್ಯಾವ್ರಿ ಯಜಮಾನ್ರ, ಹಿಂದ ಕುಂದ್ರಿ," ಎಂದ ಕಾವಲಿನವನು. ಮಾಮಾನ ಮುಖ ಸಣ್ಣದಾಯಿತು. ಮೊಣಕಾಲು ಹಿಡಿದುಕೊಂಡು ಹತ್ತಿ ನಡುವಿನ ಸೀಟಿನಲ್ಲಿ ಕುಳಿತರು. ಡ್ರೈವರಿನ ಬೆನ್ನ ಹಿಂದೆ ತಗಡಿನ ಅಡ್ಡಗೋಡೆ. ಮಾಮಾ ಆ ಕಡೆ ಈ ಕಡೆ ಬಾಗಿದರು, ಎದ್ದು ನೋಡಿದರು, ಮತ್ತೆ ಕುಳಿತರು.

"ಇಲ್ಲಿಂದ ರಸ್ತಾನ ಕಾಣಂಗಿಲ್ಲಲ್ಲ?"

"ಇಲ್ಲ ಮಾಮಾ. ಅವತ್ತು ಕಿಡಕ್ಯಾಗ ಬರೇ ನೀರು ಕಾಣತಿತ್ತು. ಅವ್ವ ನನ್ನ ಕಣ್ಣ ಮುಚ್ಚಿದ್ಲು."

"ನನಗ ಸೇತುವಿ ಅಂಚಿನ ಕಟ್ಟಿನರ ಕಾಣತಿತ್ತು," ಎಂದರು ಮೆಲ್ಲಗೆ. "ಹಿಂದ ಕುಂತವರಿಗೆ ಅದೂ ಇಲ್ಲ."

ವಾಪಸ್ ಬರುವಾಗ ಮಾಮಾ ಡ್ರೈವರ್ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕುಳಿತರು. ಯಾಕಾದರೂ ಕರೆತಂದೆನೋ ಎಂದು ನನಗೆ ಕೆಡುಕೆನಿಸಿತು.

ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಾಮಾ ಕೈಕಾಲೂ ತೊಳೆಯದೆ ನೇರ ಒಲೆಯ ಹತ್ತಿರ ಹೋಗಿ ನೆಲಕ್ಕೆ ಕುಳಿತರು.

"ಅಕ್ಕಾ, ಅವತ್ತು ಹೊಳ್ಯಾಗ ಅಂಜಿದ್ದೇನು?"

ಅವ್ವನ ಕೈ ನಿಂತಿತು. ತಮ್ಮನ ಮುಖವನ್ನೇ ನೋಡಿದಳು.

"ಭಾಳ ಅಂಜಿದ್ದೆ ಬಸ್ಯಾ. ಗಾಡಿ ನಿಂದರ್ಸು, ನಿಂದರ್ಸು ಅಂತ ಒದರಿದೆ. ನಿನಗ ಕೇಳಸ್ಲೇ ಇಲ್ಲ."