ಮುಂದಿನ ಸೀಟಿನವರು

ದೆವ್ವ, ಗಾಳಿ ಎಂದರೆ ನಾನು ಬಿದ್ದು ಬಿದ್ದು ನಗುತ್ತಿದ್ದವನು. ನಂಬುವವರನ್ನು ಎದುರಿಗೇ ಪೆದ್ದರೆಂದು ಕರೆದದ್ದೂ ಉಂಟು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಗು ಹೋಯಿತು. ತನ್ನ ಅನ್ನ ಕಿತ್ತುಕೊಂಡವರು ಯಾರೆಂದೇ ತಿಳಿಯದೆ ಕೂತವನಿಗೆ ನಗು ಎಲ್ಲಿಂದ ಬರಬೇಕು, ಹೇಳಿ?

ನಮ್ಮ ಸೀಮೆ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. ಮಡಕಶಿರದ ಹತ್ತಿರದ ಹಳ್ಳಿಯೊಂದರ ಕಡಲೆಕಾಯಿ ಬೆಳೆಯುವವರ ಮನೆಯಿಂದ ಹೋಗಿ ನಾನು ಬೆಂಗಳೂರಿನಲ್ಲಿ ವಿಮಾನ ನಡೆಸಲು ಕಲಿಯುತ್ತಿದ್ದೆ. ಲೈಸೆನ್ಸಿಗೆ ಉಳಿದದ್ದು ಒಂದೇ ದೂರದ ಹಾರಾಟ. ಬಳ್ಳಾರಿಗೆ ಹೋಗಿ ಬರಬೇಕು, ಅದೂ ಒಬ್ಬನೇ. ಜೊತೆಗೆ ಇನ್ನೊಬ್ಬರಿದ್ದರೆ ಆ ಹಾರಾಟ ಲೆಕ್ಕಕ್ಕಿಲ್ಲ. ಅದೊಂದು ಮುಗಿದರೆ ಟಪಾಲು ವಿಮಾನದ ಕೆಲಸ ಸಿಗುವ ಮಾತಾಗಿತ್ತು.

ವಿಮಾನದಲ್ಲಿ ಒಂದರ ಹಿಂದೊಂದು ಎರಡು ಸೀಟು, ಮೇಲೆ ಬಯಲು. ಒಬ್ಬನೇ ಹಾರುವವನು ಹಿಂದೆ ಕೂರಬೇಕು. ಮುಂದಿನ ಖಾಲಿ ಸೀಟಿನ ಪಟ್ಟಿ ಸಡಿಲವಾಗಿ ಅತ್ತಿತ್ತ ಹೊರಳಬಾರದೆಂದು ನಾನೇ ಅದನ್ನು ಬಿಗಿದು ಕಟ್ಟಿ ಹೊರಟೆ.

ಮಡಕಶಿರದ ಬೆಟ್ಟ ದಾಟಿ ನಮ್ಮ ಹೊಲದ ಮೇಲೆ ಕೆಳಕ್ಕಿಳಿದು ಒಂದು ಸುತ್ತು ಹಾಕಿದೆ. ಅವ್ವ ಬದುವಿನ ಮೇಲೆ ನಿಂತಿದ್ದಳು. ಗಾಳಿ ಜೋರಾಗಿತ್ತು, ಹಿಡಿಕೆಯಿಂದ ಕೈ ತೆಗೆದು ಬೀಸುವಂತಿರಲಿಲ್ಲ. ಹಾಗೇ ಮುಂದೆ ಹೋದೆ.

ರಾಯದುರ್ಗದ ಹತ್ತಿರ ಬರುವಾಗ ಧೂಳು ಕವಿಯಿತು. ಎಂಜಿನ್ ಕೆಮ್ಮತೊಡಗಿತು. ಬೇರೆ ದಾರಿಯಿಲ್ಲದೆ ಬೆಟ್ಟದಾಚೆಯ ಬಯಲಿನಲ್ಲಿ ಇಳಿಸಿದೆ. ಕುರಿ ಕಾಯುವವರು ಓಡಿ ಬಂದರು. ಅವರಲ್ಲಿ ಹಿರಿಯನೊಬ್ಬ, "ಬರ್ರಿ ಬರ್ರಿ, ನೆಳ್ಳಿಗೆ ಕುಂದರ್ರಿ" ಎಂದು ಉಪಚರಿಸಿ, ಎರಡು ಲೋಟ ಮಜ್ಜಿಗೆ ತಂದಿಟ್ಟ. ಬಾಯಾರಿತ್ತು, ಎರಡನ್ನೂ ಕುಡಿದೆ. ಅಜ್ಜನ ಮುಖ ಯಾಕೋ ಹುಳ್ಳಗಾಯಿತು. ಪೆಟ್ರೋಲಿನ ಜಾಲರಿಗೆ ಕಟ್ಟಿದ್ದ ಕಸ ತೆಗೆದು, ಎಂಜಿನ್ ಹೊರಡಲೆಂದು ಮೂತಿಯ ಫ್ಯಾನು ತಿರುಗಿಸಿ ಹತ್ತುವಾಗ ನೋಡಿದರೆ ಮುಂದಿನ ಸೀಟಿನ ಪಟ್ಟಿ ಬಿಚ್ಚಿತ್ತು. ಸರಿಯಾಗಿ ಬಿಗಿದಿರಲಿಲ್ಲವೇನೋ ಎಂದುಕೊಂಡು ಮತ್ತೆ ಕಟ್ಟಿದೆ. ಬಳ್ಳಾರಿ ಮುಟ್ಟಿದೆ, ಸುಖವಾಗಿ ಹಿಂತಿರುಗಿದೆ.

ವಾರ ಕಳೆದಿರಲಿಲ್ಲ, ಮೇಲಿನವರು ಕರೆಸಿದರು. ದಾರಿಯಲ್ಲಿ ವಿಮಾನ ಇಳಿದರೆ ಊರಿನ ಲೆಕ್ಕ ಬರೆಯುವ ಕರಣಂ ವರದಿ ಕಳಿಸಬೇಕಿತ್ತು. ಆತ ತೆಲುಗಿನಲ್ಲಿ ಬರೆದದ್ದನ್ನು ಯಾರೋ ಇಂಗ್ಲಿಷಿಗೆ ಇಳಿಸಿದ್ದರು. ಅದರಲ್ಲಿ "ಅವರು ಇಳಿದರು, ಅವರು ಹೋದರು" ಎಂದಿತ್ತು. ಇನ್ನೊಬ್ಬ ಯಾರು ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ನಮ್ಮ ಕಡೆ ಒಬ್ಬನೇ ಬಂದರೂ "ಬಂದರು" ಎನ್ನುತ್ತೇವೆ ಸ್ವಾಮಿ, ಮರ್ಯಾದೆಗೆ, ಎಂದು ವಿವರಿಸಿದೆ. ಅವರು ಮತ್ತೆ ಬರೆದು ಕೇಳಿದರು. ಇಬ್ಬರು ಎಂದೇ ಉತ್ತರ ಬಂತು. ಹಾರಾಟವೂ ಹೋಯಿತು, ಸುಳ್ಳುಗಾರನೆಂದು ನನ್ನನ್ನೂ ಹೊರಗೆ ಹಾಕಿದರು.

ಮೈಯೆಲ್ಲ ಉರಿದುಹೋಯಿತು. ಬಸ್ಸು ಹತ್ತಿ ರಾಯದುರ್ಗಕ್ಕೆ ಹೋಗಿ ಆ ಅಜ್ಜನನ್ನು ಹುಡುಕಿದೆ.

"ಅಜ್ಜಾ, ನಾನೊಬ್ಬನೇ ಬಂದಿದ್ದೆ ಅಂತ ಒಂದು ಮಾತು ಹೇಳಿಬಿಡು."

"ಯಾಕ್ರೀ ಹಿಂಗ ಸುಳ್ಳು ಹೇಳಸ್ತೀರಿ? ಮುಂದ ಕುಂತವ್ರು ಪಟ್ಟಿ ಬಿಚ್ಚಿ ನಿಮಗಿಂತ ಮೊದಲ ಇಳದ್ರಲ್ರೀ. ಅವರ ಮಜ್ಜಿಗೀನೂ ನೀವ ಕುಡದ್ರಿ."

ಪಟ್ಟಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. "ಮುಖ ಹೇಗಿತ್ತು?" ಎಂದೆ.

"ನಿಮ್ಹಂಗ ತೊಗಲಿನ ಟೊಪ್ಪಿಗಿ, ದೊಡ್ಡ ಚಾಳೀಸು. ಮುಖ ಎಲ್ಲಿ ಕಾಣಬೇಕ್ರಿ?"

ಅಜ್ಜನಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು ಬೈದುಕೊಂಡು ಊರಿಗೆ ಬಂದೆ. ಅವ್ವ ಕಣ್ಣಾರೆ ನೋಡಿದ್ದಾಳೆ, ಪ್ರಪಂಚವೆಲ್ಲ ಸುಳ್ಳು ಹೇಳಿದರೂ ಅವಳು ಹೇಳುವುದಿಲ್ಲ, ಅವಳನ್ನೇ ಸಾಕ್ಷಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹಟ ತೊಟ್ಟಿದ್ದೆ. ಹೊಸ್ತಿಲು ದಾಟುವ ಮುಂಚೆಯೇ ಅವಳು ಮುನಿಸಿನಿಂದ ಕೇಳಿದಳು:

"ಅಲ್ಲ ಕಣಪ್ಪ, ಮುಂದ್ಗಡೆ ಕುಂತಿದ್ದೋರು ಯಾರು? ಗುರ್ತಿಲ್ಲ ಪರ್ಚಯ ಇಲ್ಲ, ನಂಗೆ ಕೈ ಬೀಸುದ್ರು. ಹೆತ್ತ ಮಗ ನೀನು ತಿರುಗಿ ಸೈತ ನೋಡ್ನಿಲ್ವಲ್ಲ!"

ಅವಳನ್ನು ಸಾಕ್ಷಿಗೆ ಕರೆಯುವ ಯೋಚನೆ ಅಲ್ಲಿಗೇ ಬಿಟ್ಟೆ. ಅವತ್ತು ಹಾರಿದ ದಾರಿಯುದ್ದಕ್ಕೂ ಆ ಸೀಟು ನನ್ನ ಕಣ್ಣೆದುರಿಗೇ ಇತ್ತು, ಖಾಲಿಯಾಗಿಯೇ ಇತ್ತು. ಇದಕ್ಕಿಂತ ಹೆಚ್ಚು ಇವತ್ತಿಗೂ ನನಗೆ ಗೊತ್ತಿಲ್ಲ. ಎಷ್ಟು ತಲೆ ಚಚ್ಚಿಕೊಂಡರೂ ಅರ್ಥವಾಗಿಲ್ಲ. ಆಮೇಲೆ ನಾನು ವಿಮಾನ ಮುಟ್ಟಲಿಲ್ಲ, ಯಾರೂ ಮುಟ್ಟಗೊಡಲಿಲ್ಲ.

ಅವ್ವ ಮಾತ್ರ ಸಾಯುವವರೆಗೂ ಆ ಪುಣ್ಯಾತ್ಮನನ್ನು ಮರೆಯಲಿಲ್ಲ. ಆಗಾಗ ಅವರು ಹೆಂಗವ್ರೆ ಎಂದು ಕೇಳುತ್ತಿದ್ದಳು.

"ಚೆನ್ನಾಗವ್ರೆ ಕಣವ್ವ," ಎನ್ನುತ್ತಿದ್ದೆ. "ಇನ್ನೂ ಹಾರ್ತಾನೇ ಅವ್ರೆ."